ಎಲ್ಲಕ್ಕೂ ‘ಪ್ರಾಕ್ಟೀಸ್’ ಅಂದರೆ ಸ್ಪ್ಯಾನಿಷ್ ಒಪ್ಪದು

‘ಸಂಜೆ ಪ್ರಾಕ್ಟೀಸ್ ಇದೆ’ ಎಂದು ಯಾರಾದರೂ ಹೇಳಿದರೆ ನಾವು ಹೆಚ್ಚು ವಿಚಾರಿಸುವುದಿಲ್ಲ. ಹೇಳಿದವನ ಹೆಗಲಲ್ಲಿ ಕಿಟ್ ಬ್ಯಾಗ್ ಇದ್ದರೆ ಅದು ಕ್ರಿಕೆಟ್ಟು, ಹೇಳಿದವಳ ಚೀಲದಲ್ಲಿ ಗೆಜ್ಜೆ ಇದ್ದರೆ ಭರತನಾಟ್ಯ. ಗಣರಾಜ್ಯೋತ್ಸವದ ಪೆರೇಡು, ಶಾಲಾ ವಾರ್ಷಿಕೋತ್ಸವದ ಕೋಲಾಟ, ಎಸ್ಸೆಸ್ಸೆಲ್ಸಿ ಗಣಿತದ ಲೆಕ್ಕ, ಕಾರು ಓಡಿಸಲು ಕಲಿಯುವುದು ಎಲ್ಲವೂ ಪ್ರಾಕ್ಟೀಸೇ. ಇದೇ ಬಲದ ಮೇಲೆ ಸ್ಪ್ಯಾನಿಷ್ ಕಲಿಯಲು ಕೂತವರು ನಿಘಂಟಿನಲ್ಲಿ ‘ಪ್ರಾಕ್ತಿಕಾ’ ಎಂಬ ಪದ ಕಂಡ ಕೂಡಲೇ ನಿರಾಳರಾಗುತ್ತಾರೆ. ಕಿವಿಗೂ ಹತ್ತಿರ, ಅರ್ಥವೂ ಹತ್ತಿರ, ಇನ್ನೇನು ಬೇಕು?

ಬೇಕಾದ್ದು ಬಹಳ ಇದೆ. ನಾಟಕ ತಂಡವೊಂದರ ನಟಿ ಮ್ಯಾಡ್ರಿಡ್‌ನ ಗೆಳತಿಗೆ ‘ನಾಳೆ ನನಗೆ ಪ್ರಾಕ್ತಿಕಾಸ್ ಇದೆ’ ಎಂದು ಹೇಳಿದಳು ಅನ್ನಿ. ಗೆಳತಿಗೆ ರಂಗಮಂಚ ನೆನಪಾಗುವುದೇ ಇಲ್ಲ. ಇವಳಿಗೆ ಎಲ್ಲೋ ಇಂಟರ್ನ್‌ಶಿಪ್ ಸಿಕ್ಕಿರಬೇಕು, ಇಲ್ಲವೇ ಕಾಲೇಜಿನ ಲ್ಯಾಬ್ ಇರಬೇಕು, ಅದೂ ಅಲ್ಲದಿದ್ದರೆ ಡ್ರೈವಿಂಗ್ ಕ್ಲಾಸು ಎಂದುಕೊಳ್ಳುತ್ತಾಳೆ. ಸ್ಪೇನಿನಲ್ಲಿ ಆ ಬಹುವಚನ ರೂಪ ಕೇಳಿದೊಡನೆ ತಲೆಗೆ ಬರುವುದು ಇವೇ. ನಾಟಕದ್ದಾದರೆ ಅದು ‘ಎನ್ಸಾಯೊ’. ಫುಟ್‌ಬಾಲಿನದಾದರೆ ‘ಎಂತ್ರೆನಾಮಿಯೆಂತೊ’. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ವಯೊಲಿನ್ ನುಡಿಸುವುದಾದರೆ, ಅಲ್ಲಿನ ಸಂಗೀತ ಶಾಲೆಗಳಲ್ಲಿ ಬಳಕೆಯಲ್ಲಿರುವ ಕ್ರಿಯಾಪದ ‘ಎಸ್ತುದಿಯಾರ್’, ಅಂದರೆ ಓದುವುದು!

ಹಾಗೆ ನೋಡಿದರೆ ಇಂಥ ಸೂಕ್ಷ್ಮ ಕನ್ನಡಕ್ಕೆ ಹೊಸದೇನಲ್ಲ. ಹಿಂದೂಸ್ತಾನಿ ಗಾಯಕರದು ರಿಯಾಜು, ಕರ್ನಾಟಕ ಸಂಗೀತದವರದು ಸಾಧಕ, ನಾಟಕ ಕಂಪನಿಯದು ತಾಲೀಮು, ಗರಡಿಮನೆಯದು ಸಾಮು. ಇವುಗಳನ್ನು ಅದಲುಬದಲು ಮಾಡಿದರೆ ನಮಗೂ ನಗು ಬರುತ್ತದೆ. ಪ್ರಾಕ್ಟೀಸ್ ಎಂಬ ಪದ ಬಂದು ಇವನ್ನೆಲ್ಲ ಒಂದೊಂದಾಗಿ ನುಂಗಿತು, ಅಷ್ಟೆ. ಆದರೆ ಕನ್ನಡದ ಹಂಚಿಕೆಗೂ ಸ್ಪ್ಯಾನಿಷ್‌ನ ಹಂಚಿಕೆಗೂ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಪದವನ್ನು ತೀರ್ಮಾನಿಸುವುದು ಹೆಚ್ಚಾಗಿ ಕಸುಬು. ಅಲ್ಲಿ ತೀರ್ಮಾನಿಸುವುದು, ಇಷ್ಟೆಲ್ಲ ಬೆವರು ಹರಿಸಿದ ಮೇಲೆ ಕೊನೆಗೆ ಎದುರಿಗೆ ಬರುವುದು ಏನು ಎಂಬುದು. ಬರುವವರು ಪ್ರೇಕ್ಷಕರೋ, ಎದುರಾಳಿಯೋ, ಪರೀಕ್ಷೆಯೋ, ಆಪತ್ತೋ ಎಂದು ಗೊತ್ತಾದರೆ ಮುಕ್ಕಾಲು ಪಾಲು ಪದ ತಾನಾಗಿ ಸಿಗುತ್ತದೆ. ಮೈ ಏನು ಮಾಡುತ್ತಿದೆ ಎಂಬುದನ್ನು ನೋಡಿ ಪದ ಆರಿಸಲು ಹೊರಟವರೇ ಎಡವುವುದು.

ಇದಕ್ಕೆ ಒಳ್ಳೆಯ ಸಾಕ್ಷಿ ದಕ್ಷಿಣ ಸ್ಪೇನಿನ ಸೆವಿಲ್ ನಗರದಲ್ಲಿ ಸಿಗುತ್ತದೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಅಲ್ಲಿ ‘ಪಾಸೊ’ಗಳ ಮೆರವಣಿಗೆ ನಡೆಯುತ್ತದೆ. ಪಾಸೊ ಎಂದರೆ ಕ್ರಿಸ್ತನ ಅಥವಾ ಮೇರಿ ಮಾತೆಯ ಮೂರ್ತಿ ಹೊತ್ತ, ಕೆತ್ತನೆ, ಬೆಳ್ಳಿ, ಮೇಣದಬತ್ತಿ, ಹೂವುಗಳಿಂದ ತುಂಬಿದ ಭಾರೀ ಮಂಟಪ. ತೂಕ ಒಂದು ಟನ್ನಿಗೂ ಹೆಚ್ಚು. ಅದನ್ನು ಹೊರುವ ‘ಕೊಸ್ತಾಲೆರೊ’ಗಳು ಹೊರಗೆ ಕಾಣುವುದೇ ಇಲ್ಲ. ಮಂಟಪದ ಅಡಿಯಲ್ಲಿ, ಸುತ್ತ ಇಳಿಬಿಟ್ಟ ಬಟ್ಟೆಯ ಮರೆಯಲ್ಲಿ, ಅಡ್ಡಲಾಗಿ ಜೋಡಿಸಿದ ಮರದ ತೊಲೆಗಳ ಕೆಳಗೆ ಸಾಲಾಗಿ ನಿಂತಿರುತ್ತಾರೆ. ಭಾರ ಬೀಳುವುದು ಹೆಗಲಿನ ಮೇಲಲ್ಲ, ಕತ್ತಿನ ಬುಡದ ಎಲುಬಿನ ಮೇಲೆ. ಅದಕ್ಕೆಂದೇ ‘ಕೊಸ್ತಾಲ್’ ಎಂಬ ದಪ್ಪ ಬಟ್ಟೆಯನ್ನು ಒಂದು ಕ್ರಮದಲ್ಲಿ ಮಡಚಿ ತಲೆಗೆ ಸುತ್ತಿಕೊಳ್ಳುತ್ತಾರೆ.

ಮೆರವಣಿಗೆಗೆ ಬಹಳ ಮುಂಚೆಯೇ ‘ಇಗ್ವಾಲಾ’ ನಡೆಯುತ್ತದೆ. ‘ಕಪತಾಸ್’ ಎಂಬ ಮೇಸ್ತ್ರಿ ಒಬ್ಬೊಬ್ಬರ ಎತ್ತರವನ್ನು, ನೆತ್ತಿಯ ಮಟ್ಟಕ್ಕಲ್ಲ, ಆ ಕತ್ತಿನ ಎಲುಬಿನ ಮಟ್ಟಕ್ಕೆ ಅಳೆದು ಸಾಲು ಮಾಡುತ್ತಾನೆ. ಒಂದು ತೊಲೆಯ ಕೆಳಗೆ ಎತ್ತರ ಸ್ವಲ್ಪ ಏರುಪೇರಾದರೂ ಒಬ್ಬನ ಪಾಲಿನ ಭಾರ ಇನ್ನೊಬ್ಬನ ಕತ್ತಿಗೆ ಬೀಳುತ್ತದೆ. ಆಮೇಲೆ ಪವಿತ್ರ ವಾರಕ್ಕೆ ಮುಂಚಿನ ತಪಸ್ಸಿನ ಕಾಲದ ರಾತ್ರಿಗಳಲ್ಲಿ, ಊಟ ಕೆಲಸ ಮುಗಿಸಿ ಬಂದ ಗಂಡಸರು ಬರೀ ಚೌಕಟ್ಟನ್ನು ಹೊತ್ತು ಬೀದಿಗಿಳಿಯುತ್ತಾರೆ. ಮೂರ್ತಿಯ ಜಾಗದಲ್ಲಿ ಚೀಲಗಳು, ಇಟ್ಟಿಗೆಗಳು. ಕಪತಾಸ್ ಮುಂದೆ ಹಿಂದಕ್ಕೆ ನಡೆಯುತ್ತ, ಕಣ್ಣು ಕಾಣದ ಆ ಸಾಲುಗಳಿಗೆ ಎಡ ಬಲ ಹೇಳುತ್ತಾನೆ. ಇಕ್ಕಟ್ಟಾದ ಮೂಲೆಯಲ್ಲಿ ಒಂದು ತಿರುವು ತೆಗೆದುಕೊಳ್ಳಲು ಎಷ್ಟೋ ಹೊತ್ತು ಬೇಕು. ಪಾದಗಳು ಮೇಲೇಳದೆ ನೆಲ ಸವರುತ್ತ, ಅಂಗುಲ ಅಂಗುಲವಾಗಿ ಇಡೀ ಚೌಕಟ್ಟು ಸುತ್ತಬೇಕು.

ಮೈಸೂರು ದಸರಾ ಹತ್ತಿರವಾದಾಗ ಗಜಪಡೆ ಮರಳು ಮೂಟೆ ಹೊತ್ತು ಅರಮನೆಯಿಂದ ಬನ್ನಿಮಂಟಪದ ಕಡೆಗೆ ನಡೆಯುವುದನ್ನು, ಆಮೇಲೆ ಮರದ ಅಂಬಾರಿ ಹೊರುವುದನ್ನು ಕಂಡವರಿಗೆ ಈ ದೃಶ್ಯ ಕೂಡಲೇ ಅರ್ಥವಾಗುತ್ತದೆ. ನಮ್ಮ ಪತ್ರಿಕೆಗಳು ಅದನ್ನು ‘ತಾಲೀಮು’ ಎಂದೇ ಬರೆಯುತ್ತವೆ. ಸೆವಿಲ್‌ನವರು ತಮ್ಮ ರಾತ್ರಿ ನಡಿಗೆಯನ್ನು ‘ಎನ್ಸಾಯೊ’ ಅನ್ನುತ್ತಾರೆ. ಭಾರ ಎತ್ತುವುದು, ಬೆವರು, ಕತ್ತುನೋವು ಎಲ್ಲ ಇದ್ದರೂ ಅದು ‘ಎಂತ್ರೆನಾಮಿಯೆಂತೊ’ ಅಲ್ಲ. ಯಾಕೆಂದರೆ ಕೊನೆಗೆ ಎದುರಿಗೆ ಬರುವುದು ಎದುರಾಳಿ ತಂಡವಲ್ಲ, ಬೀದಿಯ ಎರಡೂ ಬದಿ ಕಾದು ನಿಂತ ಊರು. ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಮಳೆಯೊಂದು ಬಂದರೆ ಮಾತ್ರ ಎಲ್ಲರೂ ಸೋಲುತ್ತಾರೆ: 2024ರ ಪವಿತ್ರ ವಾರದಲ್ಲಿ ಸುರಿದ ಮಳೆಗೆ ಅಲ್ಲಿನ ಅನೇಕ ಮೆರವಣಿಗೆಗಳು ರದ್ದಾದವು. ಪಾಸೊಗಳ ಇದೇ ಹೊರೆಯನ್ನು ಹಿಂದೆ ಬಂದರಿನ ಕೂಲಿಗಳು ಸಂಬಳಕ್ಕೆ ಹೊರುತ್ತಿದ್ದರು. 1973ರಲ್ಲಿ ‘ಎಸ್ತುದಿಯಾಂತೆಸ್’ ಎಂಬ ಸಂಘದ ಯುವಕರು ಸಂಬಳವಿಲ್ಲದೆ ತಾವೇ ಹೊರಲು ಮುಂದಾದ ಮೇಲೆ ಪದ್ಧತಿ ಬದಲಾಗಿ, ಈಗ ಅದು ಭಕ್ತಿಯ ಸೇವೆ.

ಕ್ಯಾಟಲೋನಿಯಾದಲ್ಲಿ ಮನುಷ್ಯರ ಮೇಲೆ ಮನುಷ್ಯರು ಹತ್ತಿ ನಿಲ್ಲುವ ‘ಕಾಸ್ತೆಲ್’ ಗೋಪುರಗಳಿಗೂ ಇದೇ ಮಾತು. 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಕಲೆಯ ಸಿದ್ಧತೆಯನ್ನು ಕೆಟಲಾನ್ ಭಾಷೆಯಲ್ಲಿ ‘ಅಸ್ಸಾಚ್’ ಅನ್ನುತ್ತಾರೆ, ಎನ್ಸಾಯೊ ಪದದ ಒಡಹುಟ್ಟು. ನೋಡಿದರೆ ಶುದ್ಧ ಕಸರತ್ತು, ಹೆಸರು ಮಾತ್ರ ರಂಗಭೂಮಿಯದು.

ರಂಗಭೂಮಿಗೆ ಬಂದರೆ ಎನ್ಸಾಯೊ ಎಂಬ ಒಂದೇ ಪದವೂ ಸಾಲದು. ನಟರೆಲ್ಲ ಮೇಜಿನ ಸುತ್ತ ಕೂತು ನಾಟಕ ಓದಿ, ಚರ್ಚಿಸುವ ಹಂತ ‘ತ್ರಬಾಹೊ ದೆ ಮೆಸಾ’, ಮೇಜಿನ ಕೆಲಸ. ನಿಲ್ಲಿಸದೆ ಆರಂಭದಿಂದ ಕೊನೆವರೆಗೆ ಒಮ್ಮೆ ಆಡಿ ನೋಡುವುದು ಸ್ಪೇನಿನಲ್ಲಿ ‘ಪಾಸೆ’, ಅರ್ಜೆಂಟೀನಾದಲ್ಲಿ ‘ಪಸಾದಾ’. ವೇಷಭೂಷಣ, ಬೆಳಕು ಸಮೇತ ನಡೆಯುವ ಕೊನೆಯ ಗ್ರ್ಯಾಂಡ್ ರಿಹರ್ಸಲ್ ‘ಎನ್ಸಾಯೊ ಹೆನೆರಾಲ್’. ಒಪೆರಾ ಮಂದಿರಗಳಲ್ಲಿ ಅದಕ್ಕೂ ಮುಂಚೆ ‘ಪ್ರೆಹೆನೆರಾಲ್’ ಅಂತ ಇನ್ನೊಂದಿದೆ. ಇವೆಲ್ಲದರ ನಡುವೆ ನನಗೆ ಇಷ್ಟವಾದ ಪದ ‘ಇತಾಲಿಯಾನಾ’. ಪ್ರದರ್ಶನಕ್ಕೆ ಮುಂಚೆ ನಟರು ಗುಂಪಾಗಿ ಕೂತು, ಭಾವ ಇಲ್ಲ, ಅಭಿನಯ ಇಲ್ಲ, ಬರೀ ಮಾತುಗಳನ್ನು ರೈಲಿನ ವೇಗದಲ್ಲಿ ಒಪ್ಪಿಸಿಬಿಡುತ್ತಾರೆ. ಯಾರ ನೆನಪು ಎಲ್ಲಿ ಕೈಕೊಡುತ್ತದೆ ಎಂದು ಆಗ ಗೊತ್ತಾಗುತ್ತದೆ. ಅದೇ ಪದ ಒಪೆರಾದವರ ಬಾಯಲ್ಲಿ ಬೇರೆ: ಗಾಯಕರು ಆಟವಿಲ್ಲದೆ ನಿಂತೋ ಕೂತೋ ಪೂರ್ಣ ವಾದ್ಯವೃಂದದೊಂದಿಗೆ ಮೊದಲ ಬಾರಿ ಹಾಡುವುದು. ಆದ್ದರಿಂದ ‘ಇವತ್ತು ಇತಾಲಿಯಾನಾ ಇದೆ’ ಎಂದವರ ಕಸುಬು ಯಾವುದೆಂದು ಮೊದಲು ಕೇಳಬೇಕು.

ಎನ್ಸಾಯೊ ಪದದ ಬೇರು ಲ್ಯಾಟಿನ್‌ನ ‘ಎಕ್ಸಾಜಿಯುಂ’, ತೂಗಿ ನೋಡುವುದು. ಕನ್ನಡದಲ್ಲಿ ಒರೆಗೆ ಹಚ್ಚುವುದು ಅನ್ನುತ್ತೇವಲ್ಲ, ಹಾಗೆ. ಟಂಕಸಾಲೆಯಲ್ಲಿ ಬೆಳ್ಳಿ ಚಿನ್ನದ ಶುದ್ಧತೆ ಪರೀಕ್ಷಿಸುವ ಅಧಿಕಾರಿಯನ್ನು ಸ್ಪ್ಯಾನಿಷ್‌ನಲ್ಲಿ ‘ಎನ್ಸಾಯಾದೊರ್’ ಅನ್ನುತ್ತಿದ್ದರು. ಈಗ ಬೊಲಿವಿಯಾದಲ್ಲಿರುವ ಪೊತೊಸಿಯ ಬೆಳ್ಳಿಬೆಟ್ಟದ ಬುಡದಲ್ಲಿ ಅಚ್ಚಾದ ನಾಣ್ಯಗಳ ಮೇಲೆ ಆತನ ಹೆಸರಿನ ಅಕ್ಷರವೂ ಇರುತ್ತಿತ್ತು, ತಪ್ಪಾದರೆ ಯಾರ ಕುತ್ತಿಗೆ ಹಿಡಿಯಬೇಕೆಂದು ಗೊತ್ತಿರಲಿ ಎಂದು. ಅಲ್ಲಿ ಬೆಳ್ಳಿಗೆ ಬೆರಕೆ ಸೇರಿಸುತ್ತಿದ್ದ ಹಗರಣ 1649ರ ಹೊತ್ತಿಗೆ ಬಯಲಾದಾಗ ನಿಜವಾಗಿಯೂ ಕೆಲವರ ಪ್ರಾಣ ಹೋಯಿತು.

ಒರೆಗೆ ಹಚ್ಚುವ ಅರ್ಥ ಇಂದಿಗೂ ಉಳಿದಿದೆ. ಹೊಸ ಔಷಧವನ್ನು ಮನುಷ್ಯರ ಮೇಲೆ ಪ್ರಯೋಗಿಸಿ ನೋಡುವುದು ‘ಎನ್ಸಾಯೊ ಕ್ಲಿನಿಕೊ’. ಮಾಡಿ, ಕೆಟ್ಟು, ಮತ್ತೆ ಮಾಡಿ ಕಲಿಯುವುದು ‘ಎನ್ಸಾಯೊ ಇ ಎರ್ರೊರ್’. ಕೊಲಂಬಿಯಾದಲ್ಲಿ ಒಂದು ವಸ್ತುವನ್ನು ಬಳಸಿ ನೋಡಿ ಎನ್ನಲೂ ‘ಎನ್ಸಾಯಾರ್’ ಕ್ರಿಯಾಪದ ಸಾಕು. ಸ್ಪೇನಿನ ರಗ್ಬಿ ಮೈದಾನದಲ್ಲಿ ಚೆಂಡನ್ನು ಗೆರೆಯಾಚೆ ನೆಲಕ್ಕೊತ್ತಿ ಗಳಿಸುವ 5 ಅಂಕದ ‘ಟ್ರೈ’ಗೂ ಎನ್ಸಾಯೊ ಎಂದೇ ಹೆಸರು. ಇನ್ನು ಸಾಹಿತ್ಯದಲ್ಲಿ, ಮೊಂತೇನ್ 1580ರಲ್ಲಿ ಫ್ರೆಂಚಿನಲ್ಲಿ ಹಾಕಿಕೊಟ್ಟ ದಾರಿಯಲ್ಲಿ ಬೆಳೆದ ಪ್ರಬಂಧ ಪ್ರಕಾರವೂ ಎನ್ಸಾಯೊ. ಆಕ್ಟೇವಿಯೊ ಪಾಜ್ ಮೆಕ್ಸಿಕೊದ ಮನಸ್ಸನ್ನು ಕುರಿತು 1950ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪುಸ್ತಕ ಈ ಜಾತಿಯದು. ಈ ಲೇಖನವನ್ನೂ ಅಲ್ಲಿನವರು ಬೇಕಿದ್ದರೆ ಹಾಗೇ ಕರೆಯಬಹುದು, ಸಂಪಾದಕರು ಒಪ್ಪಿದರೆ.

ಇಷ್ಟೆಲ್ಲ ಅರ್ಥಗಳನ್ನು ಒಟ್ಟಿಗೆ ಬಳಸಿಕೊಂಡ ಜಾಣ ಮೆಕ್ಸಿಕೊದ ನಾಟಕಕಾರ ರೊದೊಲ್ಫೊ ಉಸಿಗ್ಲಿ. 1944ರ ಆತನ ಕಾದಂಬರಿಯ ಹೆಸರು ‘ಎನ್ಸಾಯೊ ದೆ ಉನ್ ಕ್ರಿಮೆನ್’. ಲೂಯಿಸ್ ಬುನ್ಯುಯೆಲ್ 1955ರಲ್ಲಿ ಇದೇ ಹೆಸರಿನಲ್ಲಿ ಅದನ್ನು ಸಿನಿಮಾ ಮಾಡಿದ. ಸಿನಿಮಾದ ನಾಯಕ ಕೊಲೆ ಮಾಡಬೇಕೆಂದು ಮತ್ತೆ ಮತ್ತೆ ಹೊಂಚು ಹಾಕುತ್ತಾನೆ, ಅವನ ಕೈ ಏಳುವ ಮುಂಚೆಯೇ ಬೇರೆ ಯಾವುದೋ ಕಾರಣಕ್ಕೆ ಸಾವು ನಡೆದುಹೋಗುತ್ತದೆ. ಅಪರಾಧದ ತಾಲೀಮು, ಅಪರಾಧದ ಯತ್ನ, ಅಪರಾಧ ಕುರಿತ ಪ್ರಬಂಧ, ಮೂರೂ ಆ ಶೀರ್ಷಿಕೆಯಲ್ಲಿವೆ. ಇಂಗ್ಲಿಷಿನಲ್ಲಿ ಬಿಡುಗಡೆ ಮಾಡಿದವರು ಹೆಚ್ಚು ತಲೆಕೆಡಿಸಿಕೊಳ್ಳದೆ ನಾಯಕನ ಹೆಸರನ್ನೇ ಶೀರ್ಷಿಕೆಗೆ ಹಾಕಿ ಕೈತೊಳೆದುಕೊಂಡರು. ಬುದ್ಧಿವಂತಿಕೆಯ ಕೆಲಸವೇ ಅನ್ನಬೇಕು.

ಸಂಗೀತಗಾರರ ಲೋಕದಲ್ಲಿ ಗೆರೆ ಇನ್ನೂ ಸ್ಪಷ್ಟ. ಹಲವರು ಸೇರಿ ನುಡಿಸಿದರೆ ಎನ್ಸಾಯೊ, ಒಬ್ಬನೇ ಕೂತರೆ ಎಸ್ತುದಿಯಾರ್. ಸ್ಪೇನಿನ ಸಂಗೀತ ಶಾಲೆಗಳಲ್ಲಿ ವಿದ್ಯಾರ್ಥಿಗಳು ಒಬ್ಬೊಬ್ಬರೇ ಕೂತು ನುಡಿಸಲು ಇರುವ ಪುಟ್ಟ ಕೋಣೆಗಳ ಹೆಸರು ‘ಕಬೀನಾ ದೆ ಎಸ್ತುದಿಯೊ’, ಓದುಕೋಣೆ. ಬಾರ್ಸಿಲೋನಾದಲ್ಲಿ ಹುಟ್ಟಿದ ಫೆರ್ನಾಂದೊ ಸೊರ್ ಗಿಟಾರ್ ಕಲಿಯುವವರಿಗಾಗಿ ಬರೆದ ಪಾಠಗಳೂ ‘ಎಸ್ತುದಿಯೊ’ಗಳೇ. ಅವುಗಳಲ್ಲಿ 20ನ್ನು ಆರಿಸಿ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ 1945ರಲ್ಲಿ ಪ್ರಕಟಿಸಿದ ಸಂಪುಟ ಇವತ್ತಿಗೂ ಜಗತ್ತಿನಾದ್ಯಂತ ಗಿಟಾರ್ ವಿದ್ಯಾರ್ಥಿಗಳ ಕೈಯಲ್ಲಿದೆ. ಚೆಲ್ಲೊ ವಾದಕ ಪಾಬ್ಲೊ ಕಾಸಾಲ್ಸ್ 13ನೇ ವಯಸ್ಸಿನಲ್ಲಿ, 1890ರಲ್ಲಿ, ಬಾರ್ಸಿಲೋನಾದ ಬಂದರಿನ ಹತ್ತಿರದ ಹಳೆಯ ಅಂಗಡಿಯೊಂದರಲ್ಲಿ ಬಾಖ್‌ನ ‘ಸ್ವೀಟ್’ ಎಂಬ ಚೆಲ್ಲೊ ಕೃತಿಗಳ ಪುಸ್ತಕ ಕಂಡುಕೊಂಡ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವುಗಳ ಸಾಧನೆ ನಡೆಸಿದ ಮೇಲೆಯೇ ಅವನ್ನು ಸಭೆಯ ಮುಂದೆ ನುಡಿಸುವ ಧೈರ್ಯ ಮಾಡಿದ. ಅಂಥ ತಪಸ್ಸಿಗೆ ಎನ್ಸಾಯೊ ಎಂಬ ಪದ ಹೊಂದುವುದಿಲ್ಲ, ಎದುರಿಗೆ ಕಛೇರಿಯ ದಿನಾಂಕವೇ ಇಲ್ಲವಲ್ಲ. ಲ್ಯಾಟಿನ್ ಅಮೆರಿಕದಲ್ಲಿ ‘ಪ್ರಾಕ್ತಿಕಾರ್’ ಎಂಬುದೂ ಧಾರಾಳವಾಗಿ ಕೇಳಿಬರುತ್ತದೆ, ಅದು ತಪ್ಪೇನಲ್ಲ. ಆದರೆ ಎಲ್ಲಿ ಹೋದರೂ ಒಬ್ಬನೇ ಸ್ವರ ಉಜ್ಜುವುದನ್ನು ‘ಎಂತ್ರೆನಾರ್’ ಅಂದರೆ ಜನ ನಕ್ಕುಬಿಡುತ್ತಾರೆ.

ಕೂಡಿ ನುಡಿಸುವ ಎನ್ಸಾಯೊ ಹೇಗೆ ಒಂದು ದೇಶದ ಕತೆಯನ್ನೇ ಬದಲಿಸಬಹುದೆಂಬುದಕ್ಕೆ ವೆನೆಜುವೆಲಾ ಉದಾಹರಣೆ. 1975ರಲ್ಲಿ ಹೊಸೆ ಅಂತೋನಿಯೊ ಅಬ್ರೆಯು ಕರೆದ ಮೊದಲ ಎನ್ಸಾಯೊಗೆ ಕಾರಾಕಸ್‌ನ ಗ್ಯಾರೇಜೊಂದಕ್ಕೆ ಬಂದವರು 11 ಮಂದಿ. ಸ್ವರಲಿಪಿ ಇಡುವ ಸ್ಟ್ಯಾಂಡುಗಳು ಅದಕ್ಕಿಂತ ಹೆಚ್ಚಿದ್ದವು. ಅಲ್ಲಿಂದ ಬೆಳೆದದ್ದೇ ‘ಎಲ್ ಸಿಸ್ತೆಮಾ’ ಎಂಬ ಬಡಮಕ್ಕಳ ವಾದ್ಯವೃಂದಗಳ ಜಾಲ. ಒಬ್ಬೊಬ್ಬನೇ ಕೂತು ವರ್ಷಗಟ್ಟಲೆ ಪಾಠ ಒಪ್ಪಿಸಿ ಆಮೇಲೆ ವೃಂದಕ್ಕೆ ಸೇರುವ ಹಳೆಯ ಕ್ರಮವನ್ನು ಅಬ್ರೆಯು ಪಕ್ಕಕ್ಕಿಟ್ಟು, ಮಕ್ಕಳನ್ನು ಮೊದಲ ದಿನಗಳಿಂದಲೇ ವೃಂದದಲ್ಲಿ ಕೂರಿಸಿದರು.

ಹಾಗಾದರೆ ಪ್ರಾಕ್ತಿಕಾ ಎಂಬುದಕ್ಕೆ ಕೆಲಸವೇ ಇಲ್ಲವೇ? ಇದೆ. ಅದನ್ನು ನೋಡಲು ಬ್ಯೂನಸ್ ಐರಿಸ್‌ಗೆ, ಟ್ಯಾಂಗೊ ಕುಣಿಯುವವರ ನಡುವೆ ಹೋಗಬೇಕು. ಅಲ್ಲಿ ಕ್ಲಾಸಿಗೂ ‘ಮಿಲೋಂಗಾ’ ಎಂಬ ನಿಜವಾದ ನೃತ್ಯಕೂಟಕ್ಕೂ ನಡುವೆ ‘ಪ್ರಾಕ್ತಿಕಾ’ ಎಂಬ ಕೂಟವೊಂದಿದೆ. ಮಿಲೋಂಗಾದಲ್ಲಿ ಕಟ್ಟಳೆಗಳು ಬಿಗಿ. ಗಂಡು ದೂರದಿಂದ ಕಣ್ಣಲ್ಲೇ ಕೇಳಬೇಕು, ಹೆಣ್ಣು ತಲೆಯಾಡಿಸಿ ಒಪ್ಪಬೇಕು. ಜತೆಗಾತಿಗೆ ನಡುವೆ ಹೆಜ್ಜೆ ತಿದ್ದಲು ಹೋದವನನ್ನು ಒರಟ ಎಂದೇ ತಿಳಿಯುತ್ತಾರೆ. ಪ್ರಾಕ್ತಿಕಾದಲ್ಲಿ ಅದೆಲ್ಲ ಇಲ್ಲ. ಸಾದಾ ಬಟ್ಟೆಯಲ್ಲಿ ಬಂದು, ಒಂದೇ ತಿರುವನ್ನು ಮತ್ತೆ ಮತ್ತೆ ಮಾಡಿ, ನಿಂತು, ಮಾತಾಡಿ, ವಾದಿಸಿ, ಮತ್ತೆ ಶುರುಮಾಡಬಹುದು. 1940ರ ದಶಕದ ಟ್ಯಾಂಗೊ ಉತ್ತುಂಗದ ಕಾಲದಲ್ಲಿ ಹುಡುಗರು ಮಿಲೋಂಗಾಕ್ಕೆ ಕಾಲಿಡುವ ಮೊದಲು ಇಂಥ ಪ್ರಾಕ್ತಿಕಾಗಳಲ್ಲಿ ಗಂಡಸರ ಜತೆಗೇ ಕುಣಿದು, ಹೆಣ್ಣಿನ ಹೆಜ್ಜೆಯನ್ನೂ ತಾವೇ ಕಲಿತು ಪಳಗುತ್ತಿದ್ದರು.

ಈಗ ಪ್ರಾಕ್ತಿಕಾಕ್ಕೆ ಬರುವ ಜೋಡಿಯೊಂದು ಬ್ಯೂನಸ್ ಐರಿಸ್‌ನ ಟ್ಯಾಂಗೊ ವಿಶ್ವಸ್ಪರ್ಧೆಯ ವೇದಿಕೆ ವಿಭಾಗಕ್ಕೆ ಹೆಸರು ಕೊಟ್ಟಿತು ಅಂದುಕೊಳ್ಳಿ. ಎತ್ತಿ ತಿರುಗಿಸುವ ಪಟ್ಟುಗಳನ್ನು ಜೋಡಿಸಿ, ಹಾಡಿಗೆ ತಕ್ಕಂತೆ ಲೆಕ್ಕ ಹಾಕಿ ಸಿದ್ಧರಾಗುತ್ತಾರೆ. ಅದೇ ಹೆಜ್ಜೆ, ಅದೇ ಜತೆ, ಅದೇ ಕೋಣೆ ಇರಬಹುದು. ಆದರೆ ಈಗ ಅದು ಪ್ರಾಕ್ತಿಕಾ ಅಲ್ಲ, ಎನ್ಸಾಯೊ. ನಡುವೆ ಬದಲಾದದ್ದು ಒಂದೇ: ಮುಂದೆ ನೋಡುವವರು ಬಂದು ಕೂರಲಿದ್ದಾರೆ. ಪ್ರಾಕ್ತಿಕಾದ ಜೀವಾಳ ಇಷ್ಟೇ, ಮಾಡುವುದರಲ್ಲೇ ಅದು ಮುಗಿಯುತ್ತದೆ. ಭಾಷೆಯನ್ನು ಪ್ರಾಕ್ತಿಕಾರ್ ಮಾಡುತ್ತೇವೆ, ಯಾಕೆಂದರೆ ಮಾತಿಗೆ ಅಂಕದ ಪರದೆ ಏಳುವ ದಿನ ಅಂತೇನಿಲ್ಲ. ‘ಸ್ಪ್ಯಾನಿಷ್ ಎನ್ಸಾಯಾರ್ ಮಾಡುತ್ತಿದ್ದೇನೆ’ ಎಂದರೆ ನಾಳೆ ವೇದಿಕೆ ಮೇಲೆ ಒಪ್ಪಿಸಲಿದ್ದಾನೆ ಎಂಬ ಧ್ವನಿ ಬರುತ್ತದೆ. ಭಾಷಣವನ್ನು ಮಾತ್ರ ಎನ್ಸಾಯಾರ್ ಮಾಡಬೇಕು. ಮದುವೆ ಮನೆಯಲ್ಲಿ ಹೇಳಬೇಕಾದ ನಾಲ್ಕು ಮಾತಿಗೂ ಅದೇ ಪದ.

ಇನ್ನೊಂದು ಹಳ್ಳ ಇಲ್ಲೇ ಇದೆ. ‘ಪ್ರಾಕ್ತಿಕೊ ಫುಟ್ಬೊಲ್’ ಎಂದರೆ ನಾನು ಫುಟ್‌ಬಾಲ್ ಆಡುತ್ತೇನೆ, ಅದು ನನ್ನ ಆಟ ಎಂದರ್ಥ. ಇವತ್ತು ಪ್ರಾಕ್ಟೀಸ್ ಮಾಡುತ್ತಿದ್ದೇನೆ ಎಂದಲ್ಲ. ‘ಕತೋಲಿಕೊ ಪ್ರಾಕ್ತಿಕಾಂತೆ’ ಎಂದರೆ ತಪ್ಪದೆ ಚರ್ಚಿಗೆ ಹೋಗುವ ಕ್ಯಾಥೊಲಿಕ್. ಬರೀ ‘ಪ್ರಾಕ್ತಿಕಾಂತೆ’ ಎಂದರೆ ಸ್ಪೇನಿನ ಹಳೆಯ ತಲೆಮಾರಿಗೆ ಮನೆಗೆ ಬಂದು ಇಂಜೆಕ್ಷನ್ ಚುಚ್ಚುತ್ತಿದ್ದವನು, ಪೆರುವಿನಲ್ಲಿ ಕಚೇರಿಯ ಇಂಟರ್ನ್. ಪನಾಮಾ ಕಾಲುವೆಯಲ್ಲಿ ಹಡಗಿನ ಕ್ಯಾಪ್ಟನ್ನನ ಪಕ್ಕ ನಿಂತು ದಾರಿ ತೋರುವ ಪೈಲಟ್ ‘ಪ್ರಾಕ್ತಿಕೊ’. ಒಂದೇ ಬೇರಿನ ಇವರೆಲ್ಲರೂ ಎದುರು ಬಂದರೆ ನಮ್ಮ ನಿಘಂಟು ಬೆವರುತ್ತದೆ.

ಎದುರಾಳಿ ಇರುವಲ್ಲಿ ಎಂತ್ರೆನಾಮಿಯೆಂತೊ. ಫ್ರೆಂಚಿನಿಂದ ಬಂದ ಪದ, ಮೂಲದಲ್ಲಿ ಎಳೆದೊಯ್ಯುವುದು ಎಂಬ ಅರ್ಥ. ಮಾತಿನಲ್ಲಿ ಅದನ್ನು ಮೊಟಕು ಮಾಡಿ ‘ಎಂತ್ರೆನೊ’ ಅನ್ನುವುದೂ ಉಂಟು. ಇದರ ಗಡಿ ಎಷ್ಟು ಖಚಿತ ಎಂಬುದನ್ನು ಗೂಳಿಕಾಳಗದವರಿಂದ ತಿಳಿಯಬಹುದು. ಆ ಆಟದ ಬಗ್ಗೆ ನಮಗೆ ಏನೇ ಅಭಿಪ್ರಾಯವಿರಲಿ, ಅದಕ್ಕೆ ಸಾವಿರಾರು ಪ್ರೇಕ್ಷಕರು, ಬ್ಯಾಂಡು, ಜರಿಯ ಉಡುಪು ಎಲ್ಲ ಇವೆ. ಆದರೂ ಮತಾದೊರ್ ಮಾಡುವುದು ಎನ್ಸಾಯೊ ಅಲ್ಲ, ಆತ ಎಂತ್ರೆನಾರ್ ಮಾಡುತ್ತಾನೆ. ಗೂಳಿ ಇಲ್ಲದೆ, ಖಾಲಿ ಅಂಗಳದಲ್ಲಿ ಬಟ್ಟೆ ಬೀಸಿ ಪಳಗುವುದಕ್ಕೆ ‘ತೊರೆಯೊ ದೆ ಸಲೊನ್’ ಎಂದು ಹೆಸರು. ಗೆಳೆಯನೊಬ್ಬ ಕೊಂಬು ಹಿಡಿದು ಗೂಳಿಯಂತೆ ನುಗ್ಗಿ ಬರುತ್ತಾನೆ, ಇಲ್ಲವೇ ಕೊಂಬು ಕಟ್ಟಿದ ‘ಕರೆತೊನ್’ ಎಂಬ ಗಾಡಿಯನ್ನು ತಳ್ಳಿಕೊಂಡು ಬರುತ್ತಾನೆ. ಕಾಳಗಕ್ಕೆ ಬಿಡುವ ಗೂಳಿ ಅದಕ್ಕೆ ಮುಂಚೆ ಆ ಬಟ್ಟೆಯನ್ನು ಕಂಡಿರಬಾರದು ಎಂಬುದು ನಿಯಮ, ಕಂಡಿದ್ದರೆ ಅದು ಬಟ್ಟೆ ಬಿಟ್ಟು ಮನುಷ್ಯನನ್ನೇ ಹುಡುಕುತ್ತದೆ. ಇನ್ನೊಂದು ಪಾತ್ರಧಾರಿ ತಾಲೀಮಿಗೆ ಬರುವಂತೆಯೇ ಇಲ್ಲದ ಆಟವಿದು.

ಊರು ಬದಲಾದರೆ ಇಲ್ಲೂ ಪದ ಸ್ವಲ್ಪ ಸರಿಯುತ್ತದೆ. ಅರ್ಜೆಂಟೀನಾದ ಕ್ರೀಡಾಪುಟಗಳಲ್ಲಿ ಫುಟ್‌ಬಾಲ್ ತಂಡದ ‘ಪ್ರಾಕ್ತಿಕಾ’ ಎಂಬುದು ಸಾಮಾನ್ಯ. ಅಲ್ಲಿನ ಕೋಚ್‌ನ ಹೆಸರೂ ಸ್ಪೇನಿನ ‘ಎಂತ್ರೆನಾದೊರ್’ಗಿಂತ ಹೆಚ್ಚಾಗಿ ‘ದೆ-ತೆ’, ತಾಂತ್ರಿಕ ನಿರ್ದೇಶಕ ಎಂಬರ್ಥದ ಎರಡು ಪದಗಳ ಮೊದಲ ಅಕ್ಷರಗಳು. ಬೇಸ್‌ಬಾಲ್ ಹುಚ್ಚಿನ ಕೆರಿಬಿಯನ್ ದೇಶಗಳಲ್ಲಿ ಬ್ಯಾಟಿಂಗ್ ಅಭ್ಯಾಸ ‘ಪ್ರಾಕ್ತಿಕಾ ದೆ ಬತೇಯೊ’.

ಬೆಂಗಳೂರಿನ ಐಟಿ ಕಚೇರಿಗಳಿಂದ ಮೆಕ್ಸಿಕೊ, ಕೊಲಂಬಿಯಾದ ಗ್ರಾಹಕರಿಗೆ ಪತ್ರ ಬರೆಯುವವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಸಿಬ್ಬಂದಿಗೆ ಕೊಡುವ ‘ಟ್ರೈನಿಂಗ್’ ಅನ್ನು ಎಂತ್ರೆನಾಮಿಯೆಂತೊ ಎಂದು ಬರೆದರೆ ಅರ್ಥವಾಗುತ್ತದೆ, ಆದರೆ ಇಂಗ್ಲಿಷಿನ ನೆರಳು ಕಾಣುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಅದು ‘ಕಪಾಸಿತಾಸಿಯೊನ್’, ಸ್ಪೇನಿನಲ್ಲಿ ‘ಫೊರ್ಮಾಸಿಯೊನ್’. ನಾಯಿಗೆ ತರಬೇತಿ ಕೊಡುವುದು ಮತ್ತೂ ಬೇರೆ, ‘ಅದಿಯೆಸ್ತ್ರಾರ್’. ಯಂತ್ರ ಕಲಿಕೆಯ ಮಾದರಿಗೆ ಮಾತ್ರ ಎಲ್ಲ ಕಡೆ ಎಂತ್ರೆನಾರ್ ಎಂದೇ ನಡೆಯುತ್ತಿದೆ, ನಾಯಿಗೂ ಸಿಬ್ಬಂದಿಗೂ ಸಿಗದ ಮರ್ಯಾದೆ.

‘ಎಹೆರ್ಸಿಸಿಯೊ’ ಎಂಬುದನ್ನು ಇಲ್ಲಿ ಚಿಕ್ಕದಾಗಿ ಮುಗಿಸಬಹುದು. ಪಾಠದ ಕೊನೆಯ ಅಭ್ಯಾಸ ಪ್ರಶ್ನೆಗಳಿಗೆ, ವ್ಯಾಯಾಮಕ್ಕೆ ಅದು ಸರಿ. ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ 1522ರಲ್ಲಿ ಮನ್ರೇಸಾದಲ್ಲಿ ಬರೆಯತೊಡಗಿ 1548ರಲ್ಲಿ ಅಚ್ಚಾದ ‘ಎಹೆರ್ಸಿಸಿಯೊಸ್ ಎಸ್ಪಿರಿತುವಾಲೆಸ್’ ಈ ಪದಕ್ಕೆ ದೊಡ್ಡ ಗೌರವ ತಂದಿತು. ನಡಿಗೆ, ಓಟ ದೇಹಕ್ಕೆ ಹೇಗೋ ಇದು ಆತ್ಮಕ್ಕೆ ಹಾಗೆ ಎಂಬುದು ಆತನ ವಾದ. 1542ರಲ್ಲಿ ಗೋವಾಕ್ಕೆ ಬಂದಿಳಿದ ಫ್ರಾನ್ಸಿಸ್ ಕ್ಸೇವಿಯರ್ ಈ ಸಾಧನೆಯನ್ನು ಮುಗಿಸಿಯೇ ಬಂದವರು. 1880ರಲ್ಲಿ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು ಕಟ್ಟಿದ ಜೆಸ್ವಿಟ್ ಪಾದ್ರಿಗಳಿಗೂ ಮೂಲ ಪಠ್ಯ ಇದೇ.

ಇಷ್ಟು ಹೊತ್ತು ಹೇಳಿದ ಯಾವ ಪದವೂ ಸಲ್ಲದ ಒಂದು ಸಂದರ್ಭವಿದೆ: ಬಾರದಿರಲಿ ಎಂದು ಬೇಡಿಕೊಳ್ಳುವ ಸಂಗತಿಗೆ ಸಿದ್ಧರಾಗುವುದು. ಅದಕ್ಕೆ ‘ಸಿಮುಲಾಕ್ರೊ’ ಎಂದು ಹೆಸರು. ಲ್ಯಾಟಿನ್‌ನಲ್ಲಿ ಪ್ರತಿಬಿಂಬ, ಬೊಂಬೆ ಎಂಬರ್ಥದ ಪದ. ಬೆಂಕಿ ಅನಾಹುತದ, ಭೂಕಂಪದ ಅಣಕು ಕಾರ್ಯಾಚರಣೆಗೆ ಸ್ಪ್ಯಾನಿಷ್ ಆಡುವ ಎಲ್ಲ ದೇಶಗಳಲ್ಲೂ ಇದೇ.

ಮೆಕ್ಸಿಕೊ ನಗರದಲ್ಲಿ ಈ ಪದಕ್ಕೆ ಇರುವ ಭಾರ ಬೇರೆಲ್ಲೂ ಇಲ್ಲ. 1985ರ ಸೆಪ್ಟೆಂಬರ್ 19ರ ಬೆಳಿಗ್ಗೆ 7.19ಕ್ಕೆ ನಡೆದ ಭೂಕಂಪ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ನೆನಪಿಗೆ ಪ್ರತಿ ವರ್ಷ ಅದೇ ದಿನ ಸಿಮುಲಾಕ್ರೊ ನಡೆಸುತ್ತಾರೆ. ಧ್ವನಿವರ್ಧಕಗಳು ಎಚ್ಚರಿಕೆ ಕೂಗುತ್ತವೆ, ಕಚೇರಿ ಶಾಲೆಗಳಿಂದ ಜನ ಸಾಲಾಗಿ ಬೀದಿಗೆ ಬರುತ್ತಾರೆ. ಓಡುವುದಿಲ್ಲ, ಕೂಗುವುದಿಲ್ಲ, ತಳ್ಳುವುದಿಲ್ಲ ಎಂಬ ಮೂರು ಸೂತ್ರ ಅಲ್ಲಿನ ಶಾಲಾಮಕ್ಕಳಿಗೆ ಬಾಯಿಪಾಠ. 2017ರ ಸೆಪ್ಟೆಂಬರ್ 19ರಂದು ಬೆಳಿಗ್ಗೆ 11 ಗಂಟೆಗೆ ಸಿಮುಲಾಕ್ರೊ ಮುಗಿಸಿ ಎಲ್ಲರೂ ಒಳಗೆ ಹೋದರು. ಮಧ್ಯಾಹ್ನ 1.14ಕ್ಕೆ 7.1 ತೀವ್ರತೆಯ ನಿಜವಾದ ಭೂಕಂಪ ಬಂತು. ಕೇಂದ್ರ ನಗರಕ್ಕೆ ಹತ್ತಿರದಲ್ಲೇ ಇದ್ದದ್ದರಿಂದ ಎಚ್ಚರಿಕೆಯ ಸದ್ದೂ ನೆಲದ ನಡುಕವೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. 360ಕ್ಕೂ ಹೆಚ್ಚು ಜನ ಸತ್ತರು. ಸಾಲದೆಂಬಂತೆ 2022ರ ಅದೇ ದಿನ, ಮಧ್ಯಾಹ್ನ 12.19ರ ಸಿಮುಲಾಕ್ರೊ ಆದ ಮೇಲೆ ಒಂದು ಗಂಟೆಯೂ ಕಳೆದಿರಲಿಲ್ಲ, 1.05ಕ್ಕೆ 7.7 ತೀವ್ರತೆಯ ಮತ್ತೊಂದು ಕಂಪನ. ಭೂಕಂಪಕ್ಕೆ ತಾರೀಖು ಗೊತ್ತಿರುವುದಿಲ್ಲ, ಇದು ಬರೀ ಕಾಕತಾಳೀಯ ಎಂದು ವಿಜ್ಞಾನಿಗಳು ಎಷ್ಟು ಹೇಳಿದರೂ, ಸೆಪ್ಟೆಂಬರ್ 19 ಎಂದರೆ ಆ ಊರಿನ ಜನಕ್ಕೆ ಎದೆ ಹೊಡೆದುಕೊಳ್ಳುತ್ತದೆ.

ಇಂಥ ಕಡೆ ಎನ್ಸಾಯೊ ಎಂದರೆ ಭೂಕಂಪವನ್ನು ಆಹ್ವಾನಿಸಿದಂತೆ. ಸಿಮುಲಾಕ್ರೊ ಪದದಲ್ಲಿ ‘ಇದು ನಿಜವಲ್ಲ’ ಎಂಬ ಸಮಾಧಾನ ಅಡಗಿದೆ. ಅದೇ ಕಾರಣಕ್ಕೆ ರಾಜಕೀಯದಲ್ಲಿ ಅದು ಬೈಗುಳವೂ ಹೌದು: ನಾಟಕದ ಚುನಾವಣೆ, ಹೆಸರಿಗಷ್ಟೇ ವಿಚಾರಣೆ ನಡೆದಾಗ ಸಿಮುಲಾಕ್ರೊ ಎಂದು ಜರೆಯುತ್ತಾರೆ. ಪರೀಕ್ಷೆಯೂ ಒಂದು ಆಪತ್ತೇ ಇರಬೇಕು, ಸ್ಪೇನ್, ಕೊಲಂಬಿಯಾಗಳಲ್ಲಿ ಮಾದರಿ ಪರೀಕ್ಷೆಗೂ ಸಿಮುಲಾಕ್ರೊ ಎಂದೇ ಹೆಸರು. ಚಿಲಿಯ ಹುಡುಗರು ಮಾತ್ರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಮುಂಚೆ ಬರೆಯುವ ಅಣಕು ಪರೀಕ್ಷೆಯನ್ನು ಎನ್ಸಾಯೊ ಅನ್ನುತ್ತಾರೆ. ಹಳೆಯ ಪಾಠ ಮಗುಚುವುದು ಎಲ್ಲ ಕಡೆಯೂ ‘ರೆಪಸಾರ್’.

ಹೊಸದಾಗಿ ಕಲಿಯುವವರು ಇಷ್ಟನ್ನೂ ಒಮ್ಮೆಗೆ ತಲೆಗೆ ತುಂಬಿಕೊಳ್ಳಬೇಕಿಲ್ಲ. ಎನ್ಸಾಯಾರ್, ಎಂತ್ರೆನಾರ್, ಎಸ್ತುದಿಯಾರ್ ಮೂರು ಕ್ರಿಯಾಪದಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಪ್ರಾಕ್ತಿಕಾರ್ ಕೇಳಿ ಕೇಳಿ ತಾನಾಗಿ ಬರುತ್ತದೆ. ನಡುವೆ ಪದ ಸಿಗದೆ ತಡವರಿಸಿದರೆ ಅಲ್ಲಿನವರದೇ ಒಂದು ಸುಲಭದ ದಾರಿಯಿದೆ: ‘ತೆಂಗೊ ತೆಯಾತ್ರೊ’, ನನಗೆ ನಾಟಕ ಇದೆ, ‘ತೆಂಗೊ ಕೊರೊ’, ವೃಂದಗಾನ ಇದೆ, ‘ತೆಂಗೊ ಫುಟ್ಬೊಲ್’, ಫುಟ್‌ಬಾಲ್ ಇದೆ. ಪ್ರಾಕ್ಟೀಸ್ ಎಂಬ ಪದವೇ ಬೇಡ. ಯಾವ ಊರಿನಲ್ಲಿ ಯಾವ ಪದ ಎಂಬ ಅನುಮಾನಕ್ಕೆ 1713ರಲ್ಲಿ ಸ್ಥಾಪನೆಯಾದ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು, ಲ್ಯಾಟಿನ್ ಅಮೆರಿಕದ ಬಳಕೆಗೆಂದೇ 2010ರಲ್ಲಿ ಹೊರಬಂದ ಅಮೆರಿಕನಿಸಂಗಳ ನಿಘಂಟು, ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.